ಆಚೆ ಫುಟ್‌ಪಾತಿನ ವರ

ಮದುವೆಯಾಗ್ತೀಯಾ ಅಂತ ಅವನು ಕೇಳಿ ಮುಗಿಸುವಷ್ಟರಲ್ಲಿ ನಾನು ವಾಂತಿ ಮಾಡಿಕೊಂಡೆ.

ತಪ್ಪು ಅವನದಲ್ಲ, ನನ್ನದೂ ಅಲ್ಲ, ಕೀಮೋದ್ದು. ಅವನು ಮರದ ಸಾಮಾನಿಗೆ ಪಾಲಿಶ್ ಹಾಕುವವನು, ನಾನು ಪಕ್ಕದ ಕನ್ನಡಕದ ಅಂಗಡಿಯವಳು. ಮೊದಲೆಲ್ಲ ಆ ವಾರ್ನಿಶ್ ವಾಸನೆ ಬಂದರೆ ಸಾಕು, ಬಂದ ಅಂತ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಕ್ಯಾನ್ಸರಿಗೆ ಔಷಧಿ ಶುರುವಾದ ಮೇಲೆ ನನ್ನ ಮೂಗೇ ನನಗೆ ತಿರುಗಿಬಿದ್ದಿದೆ. ಪಾಪ, ಆ ವಾಸನೆ ನನಗೀಗ ಆಗಲ್ಲ ಅಂತ ಅವನಿಗೇನು ಗೊತ್ತು? ಧೈರ್ಯ ಇಳಿಯುವ ಮೊದಲೇ ಕೇಳಿಬಿಡೋಣ ಅಂತ ಕೆಲಸದ ಅಂಗಿಯಲ್ಲೇ ಮನೆಗೆ ಓಡಿಬಂದಿದ್ದ.

"ಬೇಡ ಅನ್ನೋದಿದ್ರೆ ಬಾಯಲ್ಲೇ ಹೇಳ್ಬಹುದಿತ್ತು," ಅಂದ. ಬಕೆಟ್ಟಿನಿಂದ ನಾನು ತಲೆ ಎತ್ತುವಷ್ಟರಲ್ಲಿ ಮೆಟ್ಟಿಲಿಳಿದು ಹೋಗಿಯೂ ಆಗಿತ್ತು.

ಅತ್ತಿಗೆ ಬಿದ್ದುಬಿದ್ದು ನಕ್ಕರು. ನಾನು ಅಳುತ್ತಿರುವುದು ಕಂಡ ಮೇಲೆ ಪಕ್ಕದಲ್ಲಿ ಕೂತರು.

"ಫೋನ್ ಎತ್ತುತ್ತಿಲ್ಲ ಅತ್ತಿಗೆ."

"ಅವನು ಬೇಕಾ ನಿಂಗೆ?"

"ಬೇಕು. ಆದ್ರೆ ನನ್ನ ಕಾಯಿಲೆ ಅವನ ಕೊರಳಿಗೆ ಯಾಕೆ ಕಟ್ಟಲಿ?"

"ಅದನ್ನ ಅವನ ಕೊರಳೇ ಹೇಳಲಿ," ಅಂದವರೇ ಚಪ್ಪಲಿ ಮೆಟ್ಟಿಕೊಂಡು ಅವನನ್ನು ಹುಡುಕಿ ಹೊರಟರು.

ಮರುದಿನ ಸಂಜೆ ಅವನು ಬಂದು ನಮ್ಮ ಕಿಟಕಿಯ ಕೆಳಗೆ ನಿಂತ. ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿದ್ದ, ಸಾಲದ್ದಕ್ಕೆ ಸೆಂಟ್ ಬೇರೆ ಹೊಡೆದುಕೊಂಡಿದ್ದ. ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು ನನ್ನ ಪಾಡು.

"ಸ್ವಲ್ಪ ಹಿಂದಕ್ಕೆ ಹೋಗಪ್ಪಾ! ಇನ್ನೂ ಸ್ವಲ್ಪ!" ಅಂತ ಅತ್ತಿಗೆ ಕಿಟಕಿಯಿಂದ ಕೂಗಿದರು. ಹೋಗಿ ಹೋಗಿ ಅವನು ರಸ್ತೆಯಾಚೆಯ ಫುಟ್‌ಪಾತ್ ಸೇರಿದ. ಇನ್ನು ಗುಟ್ಟಿನ ಮಾತೆಲ್ಲಿ ಬಂತು? ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು.

"ಅತ್ತಿಗೆ ಎಲ್ಲಾ ಹೇಳಿದ್ರು. ಮತ್ತೆ ಕೇಳ್ಲಾ?" ಅಂತ ಕೂಗಿದ.

"ಮೊದ್ಲು ನಾನು ಹೇಳೋದು ಕೇಳು. ವಾಸಿಯಾಗತ್ತೆ ಅಂತ ಡಾಕ್ಟರ್ ಗ್ಯಾರಂಟಿ ಕೊಟ್ಟಿಲ್ಲ."

"ನನ್ನ ಪಾಲಿಶಿಗೂ ನಾನು ಗ್ಯಾರಂಟಿ ಕೊಡಲ್ಲ. ಮಾಸಿದಾಗೆಲ್ಲ ಹೋಗಿ ಇನ್ನೊಂದು ಕೈ ಹಾಕ್ತೀನಿ."

"ತಲೇಲಿ ಒಂದು ಕೂದ್ಲಿಲ್ಲ!"

"ನುಣ್ಣಗಿದ್ರೆ ನಂಗೆ ಕೆಲ್ಸ ಕಮ್ಮಿ!"

ಬಸ್ಸಿಗೆ ನಿಂತವರು ಗೊಳ್ಳೆಂದರು. ನಾನೂ ನಕ್ಕೆ, ಕಿಟಕಿಯ ಸರಳು ಹಿಡಿದುಕೊಂಡು, ಹೊಟ್ಟೆ ನೋಯುವ ತನಕ. ಈ ಕಾಯಿಲೆಗೆ ನಾನು ಯಾವತ್ತೂ ಕೈ ಮುಗಿಯಲಾರೆ. ಆದರೆ ಇಂಥ ಅತ್ತಿಗೆಗೆ, ಮಾನ ಮರ್ಯಾದೆ ಬಿಟ್ಟು ನಡುಬೀದಿಯಲ್ಲಿ ನಿಂತು ಕೂಗುವ ಇವನಿಗೆ, ಇನ್ನೂ ನಗಲು ಬರುವ ನನ್ನ ಈ ಮೈಗೆ ಎಷ್ಟು ಸಲ ಮುಗಿದರೂ ಸಾಲದು ಅನ್ನಿಸಿತು.

ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದೆ. ನಾನು ರಸ್ತೆ ದಾಟುವುದು ಕಂಡಿದ್ದೇ ತಡ, ಅವನು ಎರಡೂ ಕೈ ಎತ್ತಿ ಹಿಂದೆ ಹಿಂದೆ ಸರಿಯತೊಡಗಿದ.

"ಬೇಡ, ಹತ್ರ ಬರಬೇಡ! ನಿಂಗೆ ಆಗಲ್ಲ!"

"ನಿಲ್ಲೋ ಮಹರಾಯ!"

ಬೆನ್ನಿಗೆ ಕಾಂಪೌಂಡ್ ತಾಗಿತು. ಅವನು ನಿಂತ. ಕಣ್ಣು ಒದ್ದೆಯಾಗಿತ್ತು, ತುಟಿ ಮಾತ್ರ ನಗುತ್ತಿತ್ತು.

"ಆಗ್ತೀನಿ," ಅಂದೆ.

ಅವನ ಕೈ ಹಿಡಿದೆ. ಅಷ್ಟು ಉಜ್ಜಿದ್ದರೂ ಉಗುರ ಸಂದಿಯ ಕಂದು ಬಣ್ಣ ಹೋಗಿರಲಿಲ್ಲ. ಹೊಟ್ಟೆ ತೊಳಸಿ ಬಂತು. ಕೈ ಬಿಡಲಿಲ್ಲ.