ದಿನದ ಮೊದಲ ಹನಿ

ಇಂದುಮತಿ ಬೆರಳಿಗೆ ಸೂಜಿ ಚುಚ್ಚಿಕೊಂಡು ದಿನದ ಮೊದಲ ಹನಿಯನ್ನು ಗಾಜಿನ ಪಟ್ಟಿಗೆ ಒತ್ತಿದಳು. ಧಾರವಾಡದ ಆ ತಪಾಸಣಾ ಕೇಂದ್ರದಲ್ಲಿ ಮೂರು ವರ್ಷದಿಂದ ಅದೇ ರೂಢಿ. ತಕ್ಕಡಿಗೆ ತೂಕದ ಕಲ್ಲು ಹೇಗೋ ಕಂಪನದರ್ಶಕವೆಂಬ ಅಲ್ಲಿನ ಯಂತ್ರಕ್ಕೆ ಆರೋಗ್ಯವಂತರ ರಕ್ತ ಹಾಗೆ. ಉಳಿದವರನ್ನು ಅದರೆದುರು ಇಟ್ಟು ಅಳೆಯಬೇಕು. "ನಮ್ಮ ಕಲ್ಲು ನೀವರೀ ಇಂದಕ್ಕಾ," ಎಂದು ಯಂತ್ರ ಕಂಡುಹಿಡಿದ ಡಾ. ಶಾಹೀನ್ ಬಾಗವಾನ ನಗುತ್ತಿದ್ದರು.

ಅಂಗಾಂಗಗಳು ನೆತ್ತರಿಗೆ ಉದುರಿಸುವ ಸೂಕ್ಷ್ಮ ಚೂರುಗಳಿಂದ ಯಂತ್ರ ಕೋಟ್ಯಂತರ ಜೀವಕೋಶಗಳ ನಡೆಯನ್ನು ಲೆಕ್ಕ ಹಾಕುತ್ತಿತ್ತು. ಒಂದು ಕೋಶ ಏನು ಮಾಡೀತೆಂದು ಯಾರೂ ಹೇಳಲಾರರು. ಗುಂಪು ಎತ್ತ ವಾಲುತ್ತದೆಂದು ಹೇಳಬಹುದು. ಸಾಂಖ್ಯಿಕ ಭೌತಶಾಸ್ತ್ರವೆಂದರೆ ಅದೇ. ಪರದೆಯ ಮೇಲೆ ಕೋಶಗಳು ಕಣಿವೆಗೆ ಚೆಲ್ಲಿದ ಬೆಳಕಿನ ಕಾಳುಗಳು. ಅಲುಗಿಸಿದಾಗ ಥಟ್ಟನೆ ತಳಕ್ಕೆ ಮರಳಿದರೆ ಕ್ಷೇಮ. ತಡಮಾಡಿದರೆ, ಕ್ಯಾನ್ಸರ್ ಗಡ್ಡೆ ಹುಟ್ಟುವ ನಾಲ್ಕೈದು ವರ್ಷ ಮೊದಲೇ ಎಚ್ಚರಿಕೆ. ಆಗ ಆರು ವಾರದ ಔಷಧಿ ಸಾಕು, ಕಾಳುಗಳು ಹಿಂದಕ್ಕೆ ಹೊರಳುತ್ತಿದ್ದವು.

ಆ ದಿನ ಬಂದ ಹನ್ನೊಂದು ಜನರೂ ಕ್ಷೇಮ. ಹೋದ ವಾರವಷ್ಟೇ ಎಚ್ಚರಿಕೆ ಪಡೆದಿದ್ದ ಮಲ್ಲವ್ವನೂ!

"ಔಷಧ ಇನ್ನೂ ಸುರು ಮಾಡೇ ಇಲ್ರೀ," ಮಲ್ಲವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಿಮ್ಮ ಮಶೀನಿಗೆ ನಿದ್ದಿ ಹತ್ತೇತೇನ?"

"ಇಂದಕ್ಕಾ, ಒಂಚೂರು ನೋಡ್ರಿ," ಎಂದು ಶಾಹೀನ್ ಒಳಗೆ ಹೋದರು.

ಯಂತ್ರ ಸರಿಯಾಗಿಯೇ ಇತ್ತು. ಇನ್ನು ನೋಡಬೇಕಾದದ್ದು ಕಲ್ಲೊಂದೇ. ಇಂದುಮತಿ ಶೀತಪೆಟ್ಟಿಗೆಯಿಂದ ತನ್ನದೇ ಮೂರು ವರ್ಷ ಹಳೆಯ ಹನಿಯನ್ನು ತೆಗೆದು, ಇಂದಿನದನ್ನು ಅದರೆದುರು ಇಟ್ಟಳು. ಕಾಳುಗಳು ಮೇಲೆದ್ದವು. ಮರಳಿದವು, ನಿಧಾನವಾಗಿ, ಬಲು ನಿಧಾನವಾಗಿ. ಒಂದು ಹಿಡಿಯಷ್ಟು ಕಾಳುಗಳು ಕಣಿವೆಯಂಚಿನ ದಿಬ್ಬದಲ್ಲೇ ಹೊಯ್ದಾಡುತ್ತ ನಿಂತವು.

ಮೊದಲು ಭಯವಾಗಲಿಲ್ಲ. ತನ್ನೊಳಗೆ ಇಷ್ಟೊಂದು ಬೆಳಕಿತ್ತೇ ಎಂದು ಬೆರಗಾಯಿತು. ಬೆಳಿಗ್ಗೆ ರೊಟ್ಟಿ ಬಡಿಯುವಾಗಲೂ ಇವು ಸದ್ದಿಲ್ಲದೆ ಹೀಗೆಯೇ ತೂಗಾಡುತ್ತಿದ್ದವಲ್ಲ!

ಮುಂದಿನ ತಿಂಗಳು ಬಸುರಿ ಮಗಳ ಕುಬಸ. ಅದೊಂದು ಮುಗಿಯಲಿ, ಎಂದುಕೊಂಡಳು. ಅಂದುಕೊಂಡದ್ದೇ ಗುರುತು ಸಿಕ್ಕಿತು. ಅದು ಅವ್ವನ ಮಾತು. ೨೦೨೬ರಲ್ಲಿ ಸ್ನಾನ ಮಾಡುವಾಗ ಅವ್ವನ ಕೈಗೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತ್ತು. ಅಕ್ಕನ ಮದುವೆ ಮುಗಿಯಲಿ ಎಂದು ವರ್ಷವಿಡೀ ಬಾಯಿ ಬಿಡಲಿಲ್ಲ. ಆಗ ಈ ಯಂತ್ರವಿರಲಿಲ್ಲ, ನಿಜ. ಆದರೆ ಅವ್ವನ ಬೆರಳಿಗೆ ಗೊತ್ತಿತ್ತು.

ಇಂದುಮತಿ ಹಳೆಯ ಹನಿಯನ್ನೇ ಕಲ್ಲಾಗಿಟ್ಟು ವಾರದ ಹನಿಗಳನ್ನೆಲ್ಲ ಮತ್ತೆ ಅಳೆದಳು. ಮಲ್ಲವ್ವನ ಎಚ್ಚರಿಕೆ ಮರಳಿತು.

"ಏನಾಗಿತ್ರೀ?" ಒಳಗಿನಿಂದ ಶಾಹೀನ್ ಕೇಳಿದರು.

"ಕಲ್ಲು ಸವದಿತ್ರಿ. ಬದಲಿ ಮಾಡೀನಿ."

ನಾಳೆ ಔಷಧಿ ಕೊಡಬೇಕಾದವರ ಪಟ್ಟಿಯಲ್ಲಿ, ಮಲ್ಲವ್ವನ ಹೆಸರಿನ ಕೆಳಗೆ, ಅವಳು ತನ್ನ ಹೆಸರು ಬರೆದಳು.