ಹಾಸಿಗೆ ಗೋದಾಮಿನ ಅಟ್ಟ

ಮೂರು ಮಕ್ಕಳನ್ನು ಎದುರಿನ ಮೇಲ್ಸೇತುವೆಗೆ ದಾಟಿಸಬೇಕು, ಅದೂ ಕತ್ತಲಾಗುವ ಮುಂಚೆ. ಸ್ಕೂಲ್ ವ್ಯಾನಿನ ಡ್ರೈವರಮ್ಮನ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ.

ಮಧ್ಯಾಹ್ನ ಮಳೆನೀರು ತುಂಬಿದ ನಡುರಸ್ತೆಯಲ್ಲಿ ವ್ಯಾನ್ ಕೆಟ್ಟು ನಿಂತಿತ್ತು. ನೀರು ಸೀಟಿಗೆ ಬರುವಷ್ಟರಲ್ಲಿ ಜಾಕ್ ರಾಡು, ಹಗ್ಗ ಎತ್ತಿಕೊಂಡು, ಮಕ್ಕಳನ್ನು ಪಕ್ಕದ ಹಾಸಿಗೆ ಗೋದಾಮಿಗೆ ನುಗ್ಗಿಸಿ ಅಟ್ಟ ಹತ್ತಿಸಿದ್ದಳು. ಈಗ ಗೋದಾಮಿನ ಬಾಗಿಲೇ ಮುಳುಗಿತ್ತು. ಫೋನ್ ಸತ್ತಿತ್ತು. ಪ್ಲಾಸ್ಟಿಕ್ ಸುತ್ತಿದ ಫೋಮ್ ಹಾಸಿಗೆಗಳ ರಾಶಿ, ತಲೆಗೆ ತಾಗುವ ತಗಡು, ಉಸಿರುಗಟ್ಟಿಸುವ ಸೆಕೆ. ಗೋಡೆಯಲ್ಲಿ ಜಾಲರಿ ಹಾಕಿದ ಒಂದೇ ಕಿಂಡಿ. ಏಣಿಯ ಮೆಟ್ಟಿಲುಗಳನ್ನು ನೀರು ಒಂದೊಂದಾಗಿ ನುಂಗುತ್ತಿತ್ತು.

ಐದನೇ ಕ್ಲಾಸಿನ ಅಣ್ಣ, ಎರಡನೇ ಕ್ಲಾಸಿನ ತಂಗಿ, ಜೊತೆಗೆ ಬಾಯಿಗೆ ಬಿಡುವೇ ಕೊಡದ ಹುಡುಗಿ 'ವಟವಟ'. ತಂಗಿ ಮೂಲೆಯಲ್ಲಿ ಕಿವಿ ಮುಚ್ಚಿ ಕೂತಿದ್ದಳು. ಹೋದ ವರ್ಷದ ನೆರೆ ಅವರ ಮನೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಅಂದಿನಿಂದ ಮಳೆಯ ಸದ್ದಾದರೆ ಸಾಕು, ಹೀಗೇ.

"ಆಂಟಿ, ಹಾಸಿಗೆ ತೇಲತ್ತಾ?" ವಟವಟ ಕೇಳಿದಳು.

ಡ್ರೈವರಮ್ಮ ಒಂದನ್ನು ಏಣಿಯ ಪಕ್ಕ ನೀರಿಗೆ ನೂಕಿದಳು. ತೇಲಿತು!

ಜಾಲರಿಗೆ ರಾಡು ಸಿಕ್ಕಿಸಿ ಮೀಟಿದಳು. ಅಂಗೈ ಸುಲಿಯಿತು. ಅಣ್ಣನೂ ಕೈ ಹಾಕಿದ. ಕೊನೆಗೆ ಜಾಲರಿ ಕಳಚಿ ನೀರಿಗೆ ಬಿತ್ತು. ಎರಡು ಹಾಸಿಗೆ ಮಡಚಿ ಕಿಂಡಿಯಿಂದ ಹೊರಗೆ ತಳ್ಳಿ, ಹಗ್ಗದಿಂದ ಜೋಡಿಸಿ ಬಿಗಿದರು.

"ನಾನು ಬರಲ್ಲ," ಎಂದಳು ತಂಗಿ.

"ಏಳೇ!" ಅಣ್ಣ ರೇಗಿದ.

"ಬೈಬೇಡ ಮರಿ." ಡ್ರೈವರಮ್ಮ ಅವಳೆದುರು ಕುಕ್ಕರಿಸಿದಳು. "ನಂಗೂ ಭಯ ಕಣೇ. ನನ್ನ ಕೈ ಸ್ವಲ್ಪ ಹಿಡ್ಕೋತೀಯಾ?"

ತಂಗಿ ಕಿವಿಯಿಂದ ಕೈ ತೆಗೆದಳು. ಹಿಡಿದಳು. "ಬಿಡಬಾರದು."

"ಬಿಡಲ್ಲ."

ಮಕ್ಕಳು ಹಾಸಿಗೆಯ ಮೇಲೆ ಬೋರಲು ಮಲಗಿದರು. ಡ್ರೈವರಮ್ಮ ನೀರಿಗಿಳಿದು ಕಾಲು ಬಡಿದಳು. ಒಂದು ಕೈ ಹಗ್ಗದಲ್ಲಿ, ಇನ್ನೊಂದು ಆ ಪುಟ್ಟ ಮುಷ್ಟಿಯಲ್ಲಿ.

ನಡುರಸ್ತೆಯಲ್ಲಿ ಸೆಳೆತ ಎಳೆಯಿತು. ಹಾಸಿಗೆ ಗರಗರ ತಿರುಗಿತು. ವಟವಟಳ ಬಾಯಿ ಕಟ್ಟಿಹೋಯಿತು.

"ಕಂಬ! ಕಂಬ ಹಿಡಿ!" ಡ್ರೈವರಮ್ಮ ಕೂಗಿದಳು.

ಅಣ್ಣ ಬೀದಿದೀಪದ ಕಂಬವನ್ನು ತಬ್ಬಿಕೊಂಡ. ಹಾಸಿಗೆ ನಿಂತಿತು. ಕಂಬಕ್ಕೆ ಕಾಲು ಕೊಟ್ಟು, ಡ್ರೈವರಮ್ಮ ಹಲ್ಲು ಕಚ್ಚಿ ಒದ್ದಳು. ಮತ್ತೆ ಒದ್ದಳು. ಮೇಲ್ಸೇತುವೆಯ ಇಳಿಜಾರು ಮೊಣಕಾಲಿಗೆ ತಾಗಿತು. ಯಾರ್ಯಾರೋ ಓಡಿಬಂದು ಎಳೆದುಕೊಂಡರು.

ಗುಂಪಿನಲ್ಲಿ ಸ್ಕೂಲಿನ ಮ್ಯಾನೇಜರ್ ಇದ್ದ. "ವ್ಯಾನ್ ಎಲ್ಲಮ್ಮಾ?"

"ಮುಳುಗ್ತು ಸಾರ್," ಏದುಸಿರಿನಲ್ಲೇ ಹೇಳಿದಳು. "ಮೂರೂ ಮಕ್ಕಳು ಇಲ್ಲಿದ್ದಾರೆ, ನೋಡ್ಕೊಳಿ."