ಶೀಲಾವತಿ ಟೀಚರ ದೋಣಿ ಪುಸ್ತಕ

೧೯೬೧ರ ಒಂದು ಸೋಮವಾರ. ಬೆಳಿಗ್ಗೆ ಶೀಲಾವತಿ ಟೀಚರು ಶಾಲೆಯ ಕಪಾಟು ತೆರೆದರು. ದೋಣಿ ಪುಸ್ತಕ ಇಲ್ಲ! ಬೀಗ ಮುರಿದಿಲ್ಲ, ಕಿಟಕಿಯ ಸರಳು ಬಗ್ಗಿಲ್ಲ. ಬೇರೆ ಯಾವುದನ್ನೂ ಯಾರೂ ಮುಟ್ಟಿರಲಿಲ್ಲ.

ಮಂಡೆಕೋಲಿನ ಆಚೆ, ಕೇರಳದ ಗಡಿಗೆ ತಾಗಿಕೊಂಡಿದ್ದ ಎರಡು ಕೋಣೆಯ ಖಾಸಗಿ ಶಾಲೆ ಅದು. ಎದುರಿಗೇ ನನ್ನ ಹೊಲಿಗೆ ಅಂಗಡಿ. ನಾನು ಪ್ರೇಮನಾಥ. ಆ ಪುಸ್ತಕದ ಹದಿನಾರು ಹಾಳೆ ಹೊಲಿದು ಕೊಟ್ಟವನು ನಾನೇ. ಟೀಚರು ಆರು ತಿಂಗಳು ಕೂತು ಬಿಡಿಸಿದ ಚಿತ್ರಗಳು. ಒಂದೇ ಒಂದು ಅಕ್ಷರ ಇಲ್ಲ. ದೋಣಿ, ದೋಣಿಯವ, ದಡದಲ್ಲಿ ಒಬ್ಬ ಹೆಂಗಸು, ಹೊಳೆ, ಒಂದಿಷ್ಟು ಏಡಿ, ಅಷ್ಟೆ. ಮಕ್ಕಳು ಅದನ್ನು ನೋಡಿ ತಮಗೆ ಹೊಳೆದ ಕಥೆ ಹೇಳಬೇಕು. ತುಳುವಾದರೂ ಸರಿ, ಅರೆಭಾಷೆಯಾದರೂ ಸರಿ. ವರ್ಷವಿಡೀ ತುಟಿ ಬಿಚ್ಚದಿದ್ದ ಮಕ್ಕಳೂ ಅದರ ಎದುರು ಮಾತಾಡಿದ್ದರು.

ಕಪಾಟಿನ ಕೀಲಿ ಇದ್ದದ್ದು ಮೂವರ ಹತ್ತಿರ—ಟೀಚರು, ಹೆಡ್ಮಾಸ್ತರು ದೇವದಾಸರು, ಅಟೆಂಡರು ಪೋಕರ್. ಪೋಕರನಿಗೋ ಆ ಪುಸ್ತಕದ ಮರುಳು. ಶಾಲೆ ಬಿಟ್ಟ ಮೇಲೆ ಮಗಳು ಬೀಫಾತುಮ್ಮನನ್ನು ಜಗಲಿಯಲ್ಲಿ ಕೂರಿಸಿಕೊಂಡು ದಿನಾ ನೋಡುತ್ತಿದ್ದ. ಊರಿಗೆ ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಪುಸ್ತಕ ತಂದಿಡದಿದ್ದರೆ ಕೆಲಸವೂ ಹೋಯಿತು, ಸುಳ್ಯದಿಂದ ಪೊಲೀಸರೂ ಬಂದರು ಎಂದು ಹೆಡ್ಮಾಸ್ತರು ಹೇಳಿಬಿಟ್ಟರು. ಹದಿನೆಂಟು ವರ್ಷದ ಕೆಲಸ! ಸುಳ್ಳು ಯಾಕೆ, ನಾನೂ ಅವನೇ ಕದ್ದದ್ದು ಎಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಟೀಚರು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನನ್ನನ್ನು ಓಡಿಸಿ ಕೂಸಪ್ಪನವರನ್ನು ಕರೆಸಿದರು. ಕೂಸಪ್ಪನವರು ಪೊಲೀಸ್ ದಫೇದಾರರಾಗಿ ನಿವೃತ್ತರಾದವರು; ಈಗ ಜೇನು ಸಾಕುತ್ತಾರೆ. ಬಂದವರೇ ಕಪಾಟನ್ನು ತಿರುಗಿಯೂ ನೋಡಲಿಲ್ಲ. ಹೆಡ್ಮಾಸ್ತರ ಎದುರು ಕುರ್ಚಿ ಎಳೆದು ಕೂತರು.

"ಪೋಕರನೇ ಅಂತ ನಿಮಗೆ ಹೇಗೆ ಗೊತ್ತು ಮಾಸ್ಟ್ರೇ?"

"ಕಿವಿಯಾರೆ ಕೇಳಿದ್ದೇನೆ. ನಿನ್ನೆ ಸಂಜೆ ಅವನ ಮನೆ ಬದಿಯಿಂದ ಬಂದೆ. ಒಳಗೆ ಹಾಳೆ ತಿರುಗಿಸಿಕೊಂಡು ಮಗಳಿಗೆ ಕಥೆ ಹೇಳ್ತಾ ಇದ್ದ."

"ಎಂತ ಕಥೆ?"

"ಅದೇ. ದೋಣಿಯವ ಹೆಂಡತಿಯನ್ನು ದಡದಲ್ಲಿ ಬಿಟ್ಟು ಹೊರಟ. ದೋಣಿ ಬಂಡೆಗೆ ಬಡಿದು ಒಡೆಯಿತು. ಕಡೆಗೆ ಏಡಿಗಳು ಅದರೊಳಗೆ ಮನೆ ಮಾಡಿದವು."

ಕೂಸಪ್ಪನವರು ತಲೆಯಾಡಿಸಿ ಹೊರಗೆ ಬಂದರು. ಪೋಕರ್ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ, ಪಕ್ಕದಲ್ಲಿ ಮಗಳು. ಕದ್ದೆಯಾ ಎಂದು ಅವನನ್ನು ಕೇಳಲೇ ಇಲ್ಲ ಇವರು! ಮಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತು, ದೋಣಿಯ ಕಥೆ ಹೇಳು ಎಂದರು. ಅವಳು ಅಪ್ಪನ ಲುಂಗಿಯ ಮರೆಯಿಂದಲೇ ಹೇಳಿದಳು. ಏಡಿಗಳು ಮನೆ ಖಾಲಿ ಮಾಡಿ ಹೋದವಂತೆ. ಒಡೆದ ಹಲಗೆಗಳು ಒಂದೊಂದೇ ಕೂಡಿಕೊಂಡು ದೋಣಿಯಾದವಂತೆ. ಕಡೆಗೆ ದೋಣಿಯವನು ಹೆಂಡತಿ ಕಾಯುತ್ತಿದ್ದ ದಡಕ್ಕೆ ಬಂದು ಮುಟ್ಟಿದನಂತೆ.

ಹೆದರಿಕೆಗೆ ಮಗುವಿಗೆ ಹಿಂದುಮುಂದಾಯಿತು ಎಂದುಕೊಂಡೆ ನಾನು. ಕೂಸಪ್ಪನವರು ನನ್ನ ಅಂಗಡಿಯಿಂದ ರವಿಕೆ ಮಾದರಿಗಳ ಚಿತ್ರಪುಸ್ತಕ ತರಿಸಿ ಪೋಕರನ ಕೈಗಿತ್ತರು.

"ಇದರಲ್ಲಿ ಮೊದಲನೇ ಚಿತ್ರ ಯಾವುದು, ತೋರಿಸು."

ಪೋಕರ್ ಅದನ್ನು ಮಗುಚಿ ಹಿಂದಿನ ರಟ್ಟು ತೆರೆದ.

ಕೂಸಪ್ಪನವರು ಎಲ್ಲರನ್ನೂ ಹೆಡ್ಮಾಸ್ತರ ಕೋಣೆಗೆ ಕರೆದರು. "ಇವ ಕಲಿತದ್ದು ಮದ್ರಸದಲ್ಲಿ ಮಾತ್ರ. ಅಲ್ಲಿ ಪುಸ್ತಕ ಬಲಗಡೆಯಿಂದ ಶುರು. ಟೀಚರ ಪುಸ್ತಕದಲ್ಲಿ ಅಕ್ಷರವೇ ಇಲ್ಲ. ಹೀಗಲ್ಲ, ಹಾಗೆ ಅಂತ ಹೇಳುದು ಯಾರು? ಇವನ ಮನೆಯಲ್ಲಿ ಆ ಕಥೆ ಯಾವತ್ತೂ ಏಡಿಯಿಂದ ಹೊರಟು ದಡಕ್ಕೆ ಬರ್ತದೆ. ಅಲ್ಲಿ ದೋಣಿ ಒಡೆಯುದೇ ಇಲ್ಲ. ನೀವು ಹೇಳಿದ್ದು ಕೇಳಿದ ಕಥೆ ಅಲ್ಲ ಮಾಸ್ಟ್ರೇ, ಎಡದಿಂದ ನೋಡಿದ ಕಥೆ. ಕೇಳದ್ದನ್ನು ಕೇಳಿದೆ ಅಂತ ಯಾಕೆ ಹೇಳಿದ್ರಿ? ಪುಸ್ತಕ ಎಲ್ಲಿ ಉಂಟು?"

ದೇವದಾಸರು ಸೊಂಟದ ಕೀಲಿ ತೆಗೆದು ಮೇಜಿನ ಕೆಳಗಿನ ಖಾನೆ ಎಳೆದರು. ಪುಸ್ತಕ ಅಲ್ಲಿತ್ತು.

ಈ ಟೀಚರು ಚಿತ್ರ ತೋರಿಸಿ ಹೊತ್ತು ಕಳೆಯುತ್ತಾರೆ, ಮಕ್ಕಳು ಏನೂ ಕಲಿತಿಲ್ಲ ಎಂದು ದೇವದಾಸರು ಶಾಲಾ ಇನ್ಸ್‌ಪೆಕ್ಟರರಿಗೆ ಕಾಗದ ಬರೆದಿದ್ದರು. ಬುಧವಾರ ಇನ್ಸ್‌ಪೆಕ್ಟರರು ಬರುವವರು. ಮಕ್ಕಳು ಪುಸ್ತಕ ಹಿಡಿದು ಪಟಪಟ ಮಾತಾಡಿದರೆ ಕಾಗದ ಸುಳ್ಳಾಗುತ್ತದೆ. ಆ ಭಯಕ್ಕೆ ಇಷ್ಟೆಲ್ಲ. ಹೆಡ್ಮಾಸ್ತರು ಎಂಬ ಗೌರವಕ್ಕೆ ಸುಮ್ಮನಿದ್ದೆ. ಇಲ್ಲದಿದ್ದರೆ ಕತ್ತರಿ ತೆಗೆದುಕೊಂಡೇ ಬರುತ್ತಿದ್ದೆ.

ಪೊಲೀಸರು ಬೇಕಾ ಎಂದು ಕೂಸಪ್ಪನವರು ಪೋಕರನನ್ನು ಕೇಳಿದರು. ಬೇಡ ಎಂದ.

"ನಾನು ಕಳ್ಳ ಅಲ್ಲ ಅಂತ ನಾನೇ ಹೇಳಿದ್ರೆ ಯಾರು ನಂಬ್ತಾರೆ ಮಾಸ್ಟ್ರೇ? ನನ್ನ ಮಗಳು ಕೂರುವ ಶಾಲೆ ಇದು. ನೀವು ಹೇಳ್ಬೇಕು. ಎಲ್ಲಾ ಮಕ್ಕಳ ಎದುರು."

ನಾಳೆ ಹೇಳುತ್ತೇನೆ ಎಂದರು ದೇವದಾಸರು.

ಪೋಕರ್ ಹೊರಗೆ ಹೋಗಿ ಪ್ರಾರ್ಥನೆಯ ಗಂಟೆ ಬಾರಿಸಿದ. ಮಕ್ಕಳು ಒಬ್ಬೊಬ್ಬರೇ ಬಂದು ಅಂಗಳದಲ್ಲಿ, ಹೆಡ್ಮಾಸ್ತರ ಕೋಣೆಗೆ ಎದುರಾಗಿ ಸಾಲು ನಿಂತರು.